ಇಂಟು ಮಾರ್ಕಿನ ಜರ್ಮನ್ ನಾಯಿ

ಬೆಂಗಳೂರಿನ ಸಿಂಗಾಪುರ ಬಡಾವಣೆಯ ಮುನಿರಾಜು ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾದ ಮಾತು ಆಡಿದ್ದಾನೆ ಎಂದು ಅವನ ಹೆಂಡತಿ ಜ್ಯೋತಿಲಕ್ಷ್ಮಿ ನಾಲ್ಕು ಜನರ ಮುಂದೆ ಹೇಳುವುದುಂಟು. ಅದು ಹೆಣ್ಣು ನೋಡಲು ಬಂದ ದಿನ. ಹುಡುಗಿಯ ಅಪ್ಪ ಏನೋ ಕೇಳಿದಾಗ, "ನಂಗೆ ಅಷ್ಟಾಗಿ ಏನೂ ಗೊತ್ತಾಗಲ್ಲ ಸಾರ್" ಎಂದಿದ್ದನಂತೆ. ಅವರು ಅದನ್ನು ವಿನಯ ಎಂದುಕೊಂಡು ಮಗಳನ್ನು ಕೊಟ್ಟರು.

ಆದರೆ ಒಂದು ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಮುನಿರಾಜು ನಂಬಿದ್ದ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವನು ಅವನು. ಯಾವುದೇ ಸಾಮಾನಿನ ಮೇಲಿನ ಗುರುತು, ನಂಬರು ನೋಡಿದರೆ ಸಾಕು, ಅದರ ಜಾತಕ ಹೇಳಬಲ್ಲೆ ಎನ್ನುತ್ತಿದ್ದ. ಒಮ್ಮೆ ನಂಬರನ್ನು ತಲೆಕೆಳಗಾಗಿ ಓದಿ, ನಾಲ್ಕು ಸಾವಿರ ಬೋಲ್ಟಿನ ಬದಲು ನಾಲ್ಕು ಸಾವಿರ ವಾಷರನ್ನು ಹುಬ್ಬಳ್ಳಿಗೆ ಕಳಿಸಿದ್ದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಖಾನೆ ತುಮಕೂರಿನ ಕಡೆಗೆ ಎತ್ತಂಗಡಿಯಾದಾಗ ನಲವತ್ತೆಂಟನೆಯ ವಯಸ್ಸಿಗೇ ಸ್ವಯಂನಿವೃತ್ತಿ ಪಡೆದು ಮನೆಗೆ ಬಂದ. ಮನೆಯಲ್ಲಿ ಗುರುತು ನೋಡಲು ಏನೂ ಇರಲಿಲ್ಲ. ಆರು ತಿಂಗಳು ಬಿಸ್ಕತ್ತಿನ ಪೊಟ್ಟಣದ ತಾರೀಖು ಓದಿಕೊಂಡು ಕಾಲ ಕಳೆದ.

ಹಾಗಿರುವಾಗ ಒಂದು ಗುರುವಾರ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಹಜಾರದ ಹಳೆಯ ಶೋಕೇಸನ್ನು ಖಾಲಿ ಮಾಡತೊಡಗಿದಳು.

"ರೀ, ಈ ನಾಯೀನ ಹಳೇ ಸಾಮಾನಿನವನಿಗೆ ಹಾಕ್ಬಿಡ್ಲಾ? ಧೂಳು ಒರೆಸಿ ಒರೆಸಿ ಕೈ ಸವೆದುಹೋಯ್ತು."

ಅದೊಂದು ಗೇಣುದ್ದದ ಪಿಂಗಾಣಿ ನಾಯಿ. ಬಣ್ಣ ಬಿಳಿ, ಕಿವಿ ಕಂದು, ಮೈ ಉದ್ದ, ಕಾಲು ಗಿಡ್ಡ. ಮುನಿರಾಜುವಿನ ತಾಯಿ ಮುನಿಕೃಷ್ಣಮ್ಮನವರು ಮಾತ್ರ ಅದನ್ನು ಮುಂಗುಸಿ ಎಂದೇ ಕರೆಯುತ್ತಿದ್ದರು. ತಿದ್ದಲು ಹೋದವರಿಗೆ, "ನಾಯಿ ಕಾಲು ಇಂಗಿರ್ತದೇನಪ್ಪಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ತೀರಿಹೋದ ಅವರ ಯಜಮಾನರು ಚಿಕ್ಕಮಾರಯ್ಯ ಅರವತ್ತರ ದಶಕದಲ್ಲಿ ಒಬ್ಬ ಜರ್ಮನ್ ಇಂಜಿನಿಯರರ ಬಂಗಲೆಯಲ್ಲಿ ಮಾಲಿಯಾಗಿದ್ದರು. ಆ ಇಂಜಿನಿಯರರ ಹೆಂಡತಿ ತಮ್ಮ ದೇಶಕ್ಕೆ ಹೊರಟು ನಿಂತಾಗ, ಮಾಲಿಯ ಮೂರು ವರ್ಷದ ಮಗಳು ಕಲಾವತಿಯ ಕೈಗೆ ಈ ನಾಯಿಯನ್ನು ಕೊಟ್ಟು, ಕೆನ್ನೆ ಸವರಿ ಹೋಗಿದ್ದರು. ಕಲಾವತಿ ಎಂದರೆ ಮುನಿರಾಜುವಿನ ಅಕ್ಕ.

ಅಲ್ಲೇ ಇದ್ದದ್ದು ಮುಳ್ಳು. 1984ರಲ್ಲಿ ಕಲಾವತಿಗೆ ಮದುವೆಯಾಗಿ ಅವಳು ಕೆಂಪಾಪುರ ಸೇರಿದಳು, ನಾಯಿ ಸಿಂಗಾಪುರದಲ್ಲೇ ಉಳಿಯಿತು. ತನ್ನ ನಾಯಿಯನ್ನು ಅಪ್ಪ ಮಗನಿಗೆ ಕೊಟ್ಟುಬಿಟ್ಟರು ಎಂಬ ಸಂಕಟ ಅವಳದು. ಅದನ್ನು ಬಾಯಿಬಿಟ್ಟು ಹೇಳಿ ಜಗಳವಾಡಿದವಳಲ್ಲ. ಹಬ್ಬಹರಿದಿನಕ್ಕೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ನಗುತ್ತಿದ್ದಳು. ಆದರೆ ಹೋಗುವ ಮುಂಚೆ ಶೋಕೇಸಿನ ಕಡೆಗೊಮ್ಮೆ ನೋಡಿ, ಮೂಗಿನಲ್ಲಿ "ಹುಂ" ಎಂದು ಹೊರಡುತ್ತಿದ್ದಳು. ನಲವತ್ತೊಂದು ವರ್ಷದ ಆ "ಹುಂ" ಮುನಿರಾಜುವಿಗೆ ಬಾಯಿಪಾಠವಾಗಿತ್ತು. ಅಪ್ಪ ನಾಯಿಯನ್ನು ತನ್ನ ಕೈಗೇ ಕೊಟ್ಟಿದ್ದು ಅವನಿಗೆ ನೆನಪಿತ್ತು. ಆಗ ಅವನಿಗೆ ಏಳು ವರ್ಷ. ಯಾಕೆ ಕೊಟ್ಟರು ಎಂಬುದು ಮರೆತುಹೋಗಿತ್ತು.

ಮುನಿರಾಜು ಹೆಂಡತಿಯ ಕೈಯಿಂದ ನಾಯಿಯನ್ನು ತೆಗೆದುಕೊಂಡು ಅಡಿ ತಿರುಗಿಸಿದ. ಏನೇ ಕೈಗೆ ಸಿಕ್ಕಿದರೂ ಮೊದಲು ಅಡಿ ನೋಡುವುದು ಸ್ಟೋರಿನವರ ಅಭ್ಯಾಸ. ಅಲ್ಲಿ ನೀಲಿ ಬಣ್ಣದಲ್ಲಿ ಒಂದರ ಮೇಲೊಂದು ಅಡ್ಡ ಹಾಯ್ದ ಎರಡು ಗೆರೆಗಳಿದ್ದವು, ಅವುಗಳ ನಡುವೆ ಒಂದು ಚುಕ್ಕೆ. ಪಕ್ಕದಲ್ಲಿ ಪಿಂಗಾಣಿಯಲ್ಲೇ ಒತ್ತಿದ ನಾಲ್ಕು ಅಂಕಿ: 1768.

ಮೊಬೈಲಿನಲ್ಲಿ ಹುಡುಕಿದಾಗ ಜರ್ಮನ್ ಪಿಂಗಾಣಿಯ ಗುರುತುಗಳನ್ನು ವಿವರಿಸುವ ಒಂದು ಪುಟ ಸಿಕ್ಕಿತು. ಮೈಸೆನ್ ಎಂಬ ಊರಿನ ಹೆಸರಾಂತ ಕಾರ್ಖಾನೆಯ ಗುರುತು ನೀಲಿ ಬಣ್ಣದ ಅಡ್ಡ ಕತ್ತಿಗಳು, ಕತ್ತಿಯ ಹಿಡಿಗಳ ನಡುವೆ ಚುಕ್ಕೆ ಇದ್ದರೆ ಅದು 1760ರ, 70ರ ಆಸುಪಾಸಿನದು ಎಂದು ಅಲ್ಲಿತ್ತು. ಮುನಿರಾಜು ಕೂತಲ್ಲಿಂದ ಎದ್ದುಬಿಟ್ಟ. ಅದೇ ಪುಟದ ಕೆಳಗೆ ಇನ್ನೂ ಕೆಲವು ಮಾತುಗಳಿದ್ದವು. ಈ ಗುರುತನ್ನು ಬಹಳ ಜನ ನಕಲು ಮಾಡಿದ್ದಾರೆ, ಅಸಲಿ ಗುರುತು ಹೊಳಪಿನ ಪದರದ ಒಳಗಿರುತ್ತದೆ, ಉಗುರಿಗೆ ತಾಗಿದರೆ ಮೇಲೆ ಬರೆದದ್ದೆಂದು ತಿಳಿಯಬೇಕು, ಒತ್ತಿದ ಅಂಕಿ ಸಾಮಾನ್ಯವಾಗಿ ಇಸವಿಯಲ್ಲ, ಅದು ಅಚ್ಚಿನ ನಂಬರು. ಇಷ್ಟನ್ನೂ ಓದಬೇಕಾದರೆ ನಡುವೆ ಬಂದ ಜಾಹೀರಾತನ್ನು ದಾಟಬೇಕಿತ್ತು, ಮುನಿರಾಜುವಿಗೆ ಅಷ್ಟು ವ್ಯವಧಾನವಿರಲಿಲ್ಲ. ಅವನು ಗುರುತಿನ ಮೇಲೆ ಉಗುರು ಆಡಿಸಿದ. ಬಣ್ಣ ತಾಗಿತು.

"ಜ್ಯೋತಿ, ಇಲ್ಲಿ ನೋಡೇ! ಎಷ್ಟು ಹಳೇದು ಅಂದ್ರೆ ಬಣ್ಣ ಎದ್ದು ನಿಂತಿದೆ! ಇನ್ನೂರೈವತ್ತೇಳು ವರ್ಷ ಈ ನಾಯಿಗೆ!"

"ಅದು ನಾಯೀನೋ ಮುಂಗುಸೀನೋ ಅನ್ನೋದೇ ಈ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ. ವಯಸ್ಸು ಕಟ್ಟೋಕೆ ಹೊರಟ್ರು."

ಮುನಿರಾಜು ನಾಯಿಯ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ: 'ನಮ್ಮ ಮನೆಯ ನಾಯಿಗೆ 257 ವರ್ಷ. ಗುರುತು ಪತ್ತೆ ಹಚ್ಚಿದವರು: ಮುನಿರಾಜು.' ಫೋಟೋ ಮಾತ್ರ ನೋಡಿದ ಒಬ್ಬ ಚಿಕ್ಕಮ್ಮ ಕೂಡಲೇ 'ಓಂ ಶಾಂತಿ' ಎಂದು ಹಾಕಿದರು. ಅವರನ್ನು ನೋಡಿ ಇನ್ನೂ ಹನ್ನೊಂದು ಜನ ಕೈಮುಗಿದರು. ಮುನಿರಾಜು ನಾಯಿ ಸತ್ತಿಲ್ಲ ಎಂದು ಬರೆಯುತ್ತಿರುವಾಗಲೇ ಅಕ್ಕನ ಫೋನು ಬಂತು.

"ಲೋ ಮುನಿರಾಜ, ಅದು ಧೂಳು ತಿನ್ಕೊಂಡು ಕೂತಿದ್ದಾಗ ನಾನು ತುಟಿ ಬಿಚ್ಲಿಲ್ಲ. ಈಗ ಅದನ್ನ ನಿಂದು ಅಂತ ಊರಿಗೆಲ್ಲ ಸಾರ್ತೀಯಾ?"

"ಅಕ್ಕ, ಅಪ್ಪ ನನ್ ಕೈಗೆ ಕೊಟ್ಟಿದ್ದು ಕಣೇ."

"ಹಾಗಂತ ಎಲ್ಲಾದ್ರೂ ಬರ್ದಿದ್ಯಾ?"

ಮುನಿರಾಜು ಪ್ರಾಮಾಣಿಕವಾಗಿ ನಾಯಿಯ ಅಡಿಯನ್ನು ಇನ್ನೊಮ್ಮೆ ನೋಡಿದ. "ಇಲ್ಲ. ಸಾವಿರದೇಳ್ನೂರ ಅರವತ್ತೆಂಟು ಅಂತ ಮಾತ್ರ ಬರ್ದಿದೆ."

"ಭಾನುವಾರ ಬರ್ತೀನಿ. ನಾಯಿ ನನ್ ಜೊತೆ ಬರ್ಬೇಕು. ಇಲ್ಲಾಂದ್ರೆ ಇನ್ಮೇಲೆ ಆ ಮನೆ ಹೊಸ್ತಿಲು ತುಳಿಯಲ್ಲ."

ಫೋನಿಟ್ಟ ಮೇಲೆ ಮುನಿರಾಜು ಇಕ್ಕಟ್ಟಿಗೆ ಸಿಕ್ಕಿದ. ಅಕ್ಕ ಆಡಿದ್ದನ್ನು ಮಾಡುವವಳು. ಅವಳು ಬಾರದಿದ್ದರೆ ಗೌರಿ ಹಬ್ಬದ ಬಾಗಿನವನ್ನು ಯಾರ ಕೈಗೆ ಕೊಡುವುದು? ಹಾಗೆಂದು ನಾಯಿಯನ್ನು ಕೊಟ್ಟುಬಿಡೋಣವೆಂದರೆ, ಬದುಕಿನಲ್ಲಿ ಮೊದಲ ಬಾರಿ ತಾನು ಏನನ್ನೋ ಸರಿಯಾಗಿ ಕಂಡುಹಿಡಿದದ್ದು ಅದು, ಅಪ್ಪ ತನಗೇ ಎಂದು ಕೊಟ್ಟ ಒಂದೇ ವಸ್ತುವೂ ಅದೇ. ಎರಡನ್ನೂ ಬಿಡಲಾರದೆ ಅವನು ಶುಕ್ರವಾರವೆಲ್ಲ ನಾಯಿಯನ್ನು ಒರೆಸುತ್ತ ಕೂತ.

ಅಷ್ಟರಲ್ಲಿ ಸುದ್ದಿ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಎದುರು ಮನೆಯ ಸುರೇಶ್ ಬಡಾವಣೆಯ ಸಂಘದ ಕಾರ್ಯದರ್ಶಿ, ಗುಟ್ಟು ಎಂದು ಹೇಳಿದ್ದನ್ನು ಸಂಘದ ಎಲ್ಲ ಸದಸ್ಯರಿಗೂ ತಲುಪಿಸುವುದು ಅವನು ಒಪ್ಪಿಕೊಂಡ ಸೇವೆ. ಹಾಲಿನ ಬೂತಿನಲ್ಲಿ ಅದು 'ಮುನಿರಾಜು ಮನೆಯಲ್ಲಿ ಇನ್ನೂರೈವತ್ತು ವರ್ಷದ ವಸ್ತು' ಎಂದಿದ್ದದ್ದು, ತರಕಾರಿ ಗಾಡಿಯ ಹತ್ತಿರ ಬರುವಾಗ 'ಸಂಪು ಅಗೆಯುವಾಗ ಸಿಕ್ಕಿತಂತೆ' ಎಂದಾಯಿತು. ಖಾತ್ರಿ ಮಾಡಿಕೊಳ್ಳಲು ಬಂದ ಇಬ್ಬರು ಹೆಂಗಸರು ಜಗುಲಿಯಲ್ಲಿದ್ದ ಮುನಿಕೃಷ್ಣಮ್ಮನವರನ್ನೇ ಕೇಳಿದರು.

"ಒಳಗೆ ಏನೋ ಇದ್ಯಂತಲ್ಲ ಅಜ್ಜಿ?"

"ಮುಂಗುಸಿ ಐತೆ," ಎಂದರು ಮುನಿಕೃಷ್ಣಮ್ಮ.

ಸಂಜೆಯ ಹೊತ್ತಿಗೆ ಏಳು ಕೊಪ್ಪರಿಗೆ ಚಿನ್ನ, ಅದಕ್ಕೆ ಮುಂಗುಸಿ ಕಾವಲು ಎಂದು ಸಿಂಗಾಪುರಕ್ಕೆಲ್ಲ ತಿಳಿದಿತ್ತು.

ಶನಿವಾರ ಬೆಳಿಗ್ಗೆ ಬೀಟ್ ಪೊಲೀಸ್ ಪಂಚಪ್ಪನವರು ಬೈಕು ನಿಲ್ಲಿಸಿ ಒಳಗೆ ಬಂದರು. ನಿವೃತ್ತಿಗೆ ಎಂಟು ತಿಂಗಳಿದ್ದ ಅವರಿಗೆ ಯಾವ ತಾಪತ್ರಯವೂ ಬೇಡವಾಗಿತ್ತು.

"ನಿಧಿ ಸಿಕ್ಕಿದ್ಯಂತಲ್ಲ ಮುನಿರಾಜು?"

"ನಿಧಿ ಅಲ್ಲ ಸಾರ್, ನಾಯಿ."

"ನಿಧಿಗೆ ನಾಯಿ ಕಾವಲಾ? ಮುಂಗುಸಿ ಅಂದ್ರು?"

"ಸಾರ್, ನಾಯೀನೇ ನಿಧಿ."

ಪಂಚಪ್ಪನವರು ಪುಸ್ತಕದಲ್ಲಿ ಏನೋ ಬರೆದು ಹೊಡೆದುಹಾಕಿದರು. "ನೋಡಪ್ಪ, ನಾಯಿ ಅಂದ್ರೆ ಪಾಲಿಕೆಗೆ ಹೇಳ್ಬೇಕು. ನಿಧಿ ಅಂದ್ರೆ ತಹಶೀಲ್ದಾರ್ರಿಗೆ ಹೇಳ್ಬೇಕು. ಎರಡೂ ಒಂದೇ ಅಂದ್ರೆ ನಾನ್ ಯಾರಿಗೆ ಹೇಳ್ಲಿ?"

ಕರೆಯದೆಯೇ ಒಳಗೆ ಬಂದಿದ್ದ ಸುರೇಶ್ ಇದಕ್ಕೆ ಪರಿಹಾರ ಸೂಚಿಸಿದ. "ನಾಳೆ ಭಾನುವಾರ ಹನ್ನೊಂದು ಗಂಟೆಗೆ ಮನೆ ಮುಂದೇನೇ ಒಂದು ಪ್ರದರ್ಶನ ಇಟ್ಬಿಡೋಣ ಗುರು. ಎಲ್ಲರೂ ಕಣ್ಣಾರೆ ನೋಡ್ಲಿ. ನೀನು ಗುರುತಿನ ಬಗ್ಗೆ ಎರಡು ಮಾತಾಡು. ಫ್ಲೆಕ್ಸು ನಾನ್ ಮಾಡಿಸ್ತೀನಿ."

ಫ್ಲೆಕ್ಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುನಿರಾಜುವಿಗೆ ಬೇರೇನೂ ಕೇಳಿಸಲಿಲ್ಲ.

ಭಾನುವಾರ ಮನೆಯ ಗೇಟಿಗೆ ಹತ್ತಡಿಯ ಫ್ಲೆಕ್ಸು ನಿಂತಿತು. ಎಡಕ್ಕೆ ಕೈಮುಗಿದು ನಗುವ ಮುನಿರಾಜು, ಬಲಕ್ಕೆ ಕೈಮುಗಿಯದೆ ನಗುವ ಸುರೇಶ್, ನಡುವೆ ಸೈಕಲ್ ಚಕ್ರದಷ್ಟು ದೊಡ್ಡದಾಗಿ ಆ ನೀಲಿ ಗುರುತು. ನಾಯಿಗೆ ಜಾಗ ಸಾಲದೆ ಅದು ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿತ್ತು. ಶಾಮಿಯಾನದ ಅಂಗಡಿಯಿಂದ ಬಂದ ಮೂವತ್ತು ಕುರ್ಚಿಗಳೂ ತುಂಬಿದವು. ಕೊಪ್ಪರಿಗೆ ನೋಡಲು ಬಂದವರು ಟೀಪಾಯಿಯ ಮೇಲೆ ಕೂತಿದ್ದ ನಾಯಿಯನ್ನು ನೋಡಿ, ಚಿನ್ನ ಅದರ ಹೊಟ್ಟೆಯಲ್ಲಿರಬೇಕೆಂದು ಪಿಸುಗುಟ್ಟಿದರು. ಮುನಿರಾಜು ಇಸ್ತ್ರಿ ಅಂಗಿ ತೊಟ್ಟು ಮೈಕು ಹಿಡಿದ.

"ಮಹನೀಯರೇ, ಗುರುತು ಅನ್ನೋದು ಸುಳ್ಳು ಹೇಳಲ್ಲ. ಜರ್ಮನಿಯಲ್ಲಿ, ರಾಜರ ಕಾಲದಲ್ಲಿ, ಒಬ್ಬ ಮಹಾ ಕಲಾವಿದ, ಕೈ ನಡುಗದ ಹಾಗೆ ಉಸಿರು ಬಿಗಿ ಹಿಡಿದು, ಈ ಎರಡು ಕತ್ತಿಗಳನ್ನ ಎಳೆದಿದ್ದಾನೆ..."

ಆಗ ಕಾರು ಬಂದು ನಿಂತಿತು. ಕಲಾವತಿ ಇಳಿದಳು. ಹಿಂದೆ ಅವಳ ಗಂಡ ಮುನೇಶ್ ದೊಡ್ಡ ಸ್ಟೀಲ್ ಡಬ್ಬ ಹೊತ್ತು ಇಳಿದ. ಜಗಳಕ್ಕೇ ಬಂದಿದ್ದರೂ ತವರಿಗೆ ಬರಿಗೈಯಲ್ಲಿ ಬರುವುದು ಹೇಗೆಂದು ಕಲಾವತಿ ಹಿಂದಿನ ದಿನವೇ ಕೂತು ಡಬ್ಬದ ತುಂಬ ಕಜ್ಜಾಯ ಕರಿದಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟವಳು ಫ್ಲೆಕ್ಸಿನ ಮುಂದೆ ಗಕ್ಕನೆ ನಿಂತಳು.

"ಇದೇನೋ ಇದು, ನನ್ ಡಬ್ಬದ ಗುರುತನ್ನ ಇಲ್ಲಿ ಹಾಕ್ಕೊಂಡಿದ್ದೀಯ?"

"ಡಬ್ಬದ್ದಲ್ಲ ಅಕ್ಕ, ಮೈಸೆನ್ ಕತ್ತಿ ಗುರುತು," ಎಂದ ಮುನಿರಾಜು, ಮೈಕಿನಲ್ಲೇ.

"ಕತ್ತಿಯಂತೆ ಕತ್ತಿ! ರೀ, ಡಬ್ಬ ತಿರುಗಿಸ್ರೀ."

ಮುನೇಶ್ ಹೆಂಡತಿ ಹೇಳಿದ್ದನ್ನು ತಕ್ಷಣ ಮಾಡುವವನು. ಜ್ಯೋತಿಲಕ್ಷ್ಮಿ "ಭಾವ, ಕಜ್ಜಾಯ!" ಎಂದು ಕೂಗದಿದ್ದರೆ ಎಲ್ಲವೂ ರಸ್ತೆ ಪಾಲಾಗುತ್ತಿತ್ತು. ಸುತ್ತ ನೋಡಿದಾಗ ಎರಡು ಕೈಯೂ ಖಾಲಿಯಿದ್ದವರು ಪಂಚಪ್ಪನವರೊಬ್ಬರೇ. ಅವರು ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ, ಊಟಕ್ಕೆಂದು ತಂದಿಟ್ಟಿದ್ದ ಬಾಳೆಲೆ ಹಿಡಿದು ನಿಂತರು, ಅರವತ್ತು ಕಜ್ಜಾಯಗಳು ಅದರ ಮೇಲೆ ಏರಿದವು. ಆಮೇಲೆ ಮುನೇಶ್ ಡಬ್ಬವನ್ನು ತಲೆಕೆಳಗು ಮಾಡಿ ಸಭೆಗೆ ತೋರಿಸಿದ. ಅಡಿಯಲ್ಲಿ ಸವೆದ ನೀಲಿ ಬಣ್ಣದಲ್ಲಿ ಒಂದು ಇಂಟು ಮಾರ್ಕು, ನಡುವೆ ಒಂದು ಚುಕ್ಕೆ. ಜನ ಫ್ಲೆಕ್ಸನ್ನೊಮ್ಮೆ ಡಬ್ಬವನ್ನೊಮ್ಮೆ ನೋಡಿದರು.

"ಹಾಗಾದ್ರೆ ಡಬ್ಬಕ್ಕೂ ಇನ್ನೂರೈವತ್ತೇಳು ವರ್ಷಾನಾ ಗುರು?" ಎಂದು ಸುರೇಶ್ ಕೇಳಿದ.

ಮುನಿರಾಜು ಮೈಕು ಬಿಡಲಿಲ್ಲ. "ಇರಬಹುದು. ಜರ್ಮನಿಯವರು ಸ್ಟೀಲಲ್ಲಿ ಮೊದಲಿಂದಲೂ ಮುಂದೆ."

"ನಮ್ಮನೆ ಇಡ್ಲಿ ಪಾತ್ರೆ ಅಡೀನೂ ಇದೇ ಇದೆ ಬಾಮೈದ," ಎಂದ ಮುನೇಶ್ ಮೆಲ್ಲಗೆ. "ಹಂಡೆ ಅಡೀನೂ ಇದೆ. ಒಂದು ಕೊಳದಪ್ಪಲೇನೂ ಇದೆ."

ಸಭೆ ಗೊಳ್ಳೆಂದಿತು. ಗಲಾಟೆ ಕೇಳಿ ಮುನಿಕೃಷ್ಣಮ್ಮನವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ಫ್ಲೆಕ್ಸನ್ನು ಬಹಳ ಹೊತ್ತು ನೋಡಿದರು.

"ಇದ್ಯಾಕಪ್ಪ ನನ್ ಗುರ್ತು ಇಷ್ಟ್ ದೊಡ್ಡದಾಗಿ ಬರ್ಸೀರಿ?"

"ನಿನ್ ಗುರ್ತಾ ಅಮ್ಮಾ?" ಮುನಿರಾಜುವಿನ ದನಿ ಮೈಕಿನಲ್ಲಿ ಕೀರಲಾಗಿ ಬಂತು.

"ಊಂ ಕಣಪ್ಪ. ಇವಳ ಮದ್ವೆ ಮುಂಚಿನ್ ದಿನ ಆಕಿದ್ದು. ಅಡ್ಗೆಯೋರ ಪಾತ್ರೆ, ಅಕ್ಕಪಕ್ಕದೋರ ಪಾತ್ರೆ, ನಮ್ ಪಾತ್ರೆ ಎಲ್ಲಾ ಬೆರ್ತೋಗ್ತಾವೆ ಅಂತ, ಬಾಗ್ಲಿಗೆ ಬಳ್ದು ಮಿಕ್ಕಿದ್ದ ನೀಲಿ ಪೇಂಟಲ್ಲಿ ಇವಳ ಜೊತೆ ಓಗೋ ಸಾಮಾನಿಗೆಲ್ಲ ಒಂದೊಂದ್ ಇಂಟು ಎಳ್ದೆ. ಪಕ್ಕದ ಮನೆಯೋರ್ದೂ ಇಂಟೇ. ಅದ್ಕೇ ನಮ್ದಕ್ಕೆ ಒಂದು ಚುಕ್ಕೆ ಇಟ್ಟೆ."

ರಾಜರ ಕಾಲದ ಮಹಾ ಕಲಾವಿದ ಇಷ್ಟು ಹೇಳಿ ಕುರ್ಚಿಯಲ್ಲಿ ಕೂತರು. ಜನ ಚಪ್ಪಾಳೆ ತಟ್ಟಿ ನಕ್ಕರು. ನಗದೆ ಇದ್ದವಳು ಕಲಾವತಿ ಒಬ್ಬಳೇ. ಅವಳು ನಾಯಿಯನ್ನು ಎತ್ತಿ ಅದರ ಅಡಿಯನ್ನು ನೋಡುತ್ತ ನಿಂತಿದ್ದಳು. ನಲವತ್ತೊಂದು ವರ್ಷದಲ್ಲಿ ಅವಳು ಅದನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು.

"ಅಮ್ಮಾ, ನನ್ ಜೊತೆ ಬರೋ ಸಾಮಾನಿಗೆ ಮಾತ್ರ ಅಲ್ವಾ ಇದನ್ನ ಹಾಕಿದ್ದು? ಹಾಗಾದ್ರೆ ಇದೂ ನನ್ ಜೊತೆ ಬರ್ಬೇಕಿತ್ತಾ?"

"ಮತ್ತಿನ್ನೇನು? ನಿಮ್ಮಪ್ಪಾನೇ ಬಟ್ಟೆ ಸುತ್ತಿ ಟ್ರಂಕಲ್ಲಿ ಇಟ್ಟಿದ್ರು."

"ಟ್ರಂಕಲ್ಲಿ ಇರ್ಲಿಲ್ವಲ್ಲಮ್ಮ! ಸೀರೆ ಎಲ್ಲಾ ಕೊಡವಿ ಮೂರು ಸಲ ಹುಡುಕ್ದೆ!"

"ಎಲ್ಲಿರ್ತದೆ? ಅದು ಇವನ ಕೆಲ್ಸ," ಎಂದು ಮುನಿಕೃಷ್ಣಮ್ಮ ಮಗನ ಕಡೆ ಬೆರಳು ತೋರಿಸಿದರು.

ಎಲ್ಲರೂ ಮುನಿರಾಜುವಿನ ಕಡೆ ತಿರುಗಿದರು. ಪಂಚಪ್ಪನವರು ಕೂಡ ಕಜ್ಜಾಯ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದರು.

"ನಾನು... ಕದ್ದಿದ್ನಾ ಅಮ್ಮ?"

"ಕದಿಯೋ ಬುದ್ಧಿ ನಿಂಗೆಲ್ಲಿತ್ತು? ಟೆಂಪೋ ಒಂಟಿದ್ದೇ ತಡ, ಅಕ್ಕನ್ನ ಬಿಡ್ರೋ ಅಂತ ಕೂಗ್ಕೊಂಡು ಅದರ ಬೆನ್ ಇಡ್ದು ಓಡ್ದೆ. ರಸ್ತೇಲಿ ಬಿದ್ದು ಮಂಡಿ ಕಿತ್ಕೊಂಡೆ. ಗಾಡಿ ನಿಲ್ಸಿ ಯಾರ್ ಸಮಾಧಾನ ಮಾಡಿದ್ರೂ ಅಳು ನಿಲ್ಸಿಲ್ಲ. ಇವಳು ಮುಂದಿನ್ ಸೀಟಲ್ಲಿ ಸೆರಗಿಗೆ ಮಕ ಆಕ್ಕೊಂಡು ಅಳ್ತಾ ಕೂತಿದ್ಲು, ಇವಳಿಗೇನ್ ಗೊತ್ತು? ಆಗ ನಿಮ್ಮಪ್ಪ ಟ್ರಂಕ್ ಬಿಚ್ಚಿ ಇದನ್ನ ತೆಗ್ದು ನಿನ್ ಕೈಗಿಟ್ರು. ಅಕ್ಕಂದು ಇಲ್ಲೇ ಇರ್ಲಿ ಕಣ್ ಮಗ, ಇದನ್ನ ನೋಡಾಕಾದ್ರೂ ಅವ್ಳು ಬತ್ತಾ ಇರ್ತಾಳೆ ಅಂದ್ರು. ಆಮೇಲೇನೇ ನೀನು ಬಾಯ್ ಮುಚ್ಚಿದ್ದು."

ಕಲಾವತಿಯ ಕಣ್ಣು ತುಂಬಿ ಬಂತು. ಅಪ್ಪ ತನ್ನನ್ನು ಮರೆತಿರಲಿಲ್ಲ ಎಂಬ ಸಮಾಧಾನಕ್ಕೂ, ಇಷ್ಟು ವರ್ಷ ಅವರ ಮೇಲೆ ಮುನಿಸಿಕೊಂಡಿದ್ದೆನಲ್ಲ ಎಂಬ ನೋವಿಗೂ ಸೇರಿ ಅವಳು ಅತ್ತಳು. ಮುನಿರಾಜುವೂ ಮೂಗೆಳೆದ, ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಇದನ್ನ ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?" ಎಂದಳು ಕಲಾವತಿ.

"ನೀವು ಯಾವಾಗ್ಲೂ ನಾಯಿ ನಾಯಿ ಅಂತಿದ್ರಿ. ಮುಂಗುಸಿ ವಿಷ್ಯ ಯಾರ್ ಕೇಳಿದ್ರಿ?"

ಪಂಚಪ್ಪನವರಿಗೆ ಕೈ ನೋಯುತ್ತಿತ್ತು. "ಅಮ್ಮಾ, ನಾನು ರಿಪೋರ್ಟು ಬರೀಬೇಕು. ಈ ಗುರುತು ಯಾವ ಕಾಲದ್ದು ಅಂತ ಹಾಕ್ಲಿ?"

"ಸಾವಿರದೊಂಬೈನೂರ ಎಂಬತ್ನಾಲ್ಕು, ಮೇ ಹನ್ನೆರಡು, ಶನಿವಾರ," ಎಂದಳು ಕಲಾವತಿ ಮೂಗೊರೆಸಿಕೊಳ್ಳುತ್ತ. ಯಾವ ಜರ್ಮನ್ ಪಂಡಿತನೂ ಒಂದು ಪಿಂಗಾಣಿ ಗುರುತಿಗೆ ವಾರದ ಸಮೇತ ಕಾಲ ನಿರ್ಣಯ ಮಾಡಿರಲಾರ.

"ಮತ್ತೆ ಆ ಸಾವಿರದೇಳ್ನೂರ ಅರವತ್ತೆಂಟು?"

"ಅದು ಪಾರ್ಟ್ ನಂಬರ್ ಇರ್ಬೇಕು ಸಾರ್," ಎಂದ ಮುನಿರಾಜು, ತಲೆ ತಗ್ಗಿಸಿ. ಅದು ಅವನು ಜೀವಮಾನದಲ್ಲಿ ಆಡಿದ ಎರಡನೆಯ ಸರಿಯಾದ ಮಾತು, ಜ್ಯೋತಿಲಕ್ಷ್ಮಿ ಕೂಡಲೇ ಅದನ್ನು ಗಮನಿಸಿದಳು.

ಕಾರ್ಯಕ್ರಮ ಹಾಳಾಯಿತೆಂದು ಚಡಪಡಿಸುತ್ತಿದ್ದ ಸುರೇಶನಿಗೆ ಒಂದು ಉಪಾಯ ಹೊಳೆಯಿತು. "ಗುರು, ಈ ಪೇಂಟ್ ಕೆಳಗೆ ಜರ್ಮನಿಯವರ ಒರಿಜಿನಲ್ ಗುರುತು ಇದ್ರೂ ಇರಬಹುದು! ಸ್ವಲ್ಪ ಥಿನ್ನರ್ ಹಾಕಿ ಉಜ್ಜಿದ್ರೆ..."

"ಮುಟ್ಟಿದ್ರೆ ನೋಡು!" ಎಂದು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಗದರಿದರು. ಆ ನಾಯಿ ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂಬುದು ಹಾಗಾಗಿ ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ.

ಕೊಪ್ಪರಿಗೆ ನೋಡಲು ಬಂದವರು ತಲೆಗೊಂದು ಕಜ್ಜಾಯ ತಿಂದು ಚದುರಿದರು. ಊಟ ಮುಗಿದ ಮೇಲೆ ಮುನಿರಾಜು ನಾಯಿಯನ್ನು ತನ್ನ ಹೊಸ ಟವೆಲ್ಲಿನಲ್ಲಿ ಸುತ್ತಿ ತಂದು ಅಕ್ಕನ ಕೈಗಿಟ್ಟ. "ತಗೋ ಅಕ್ಕ. ನಿಂದೇ."

ಬೇಡ ಎನ್ನುತ್ತಾಳೇನೋ ಎಂದು ಅವನೊಳಗೆ ಒಂದು ಸಣ್ಣ ಆಸೆಯಿತ್ತು. ಕಲಾವತಿ ಬೇಡ ಎನ್ನಲಿಲ್ಲ. ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿದಳು.

"ನೋಡ್ಬೇಕು ಅನ್ಸಿದ್ರೆ ಕೆಂಪಾಪುರಕ್ಕೆ ಬಾ. ನಲವತ್ತೊಂದು ವರ್ಷ ನಾನು ಬಂದು ನೋಡಿದ್ದೀನಿ. ಇನ್ನು ನಲವತ್ತೊಂದು ವರ್ಷ ನೀನ್ ಬಾ."

ಮುನಿರಾಜು ತಲೆಯಾಡಿಸಿದ. ಕಾರು ಹೊರಟಿತು. ಅದಿನ್ನೂ ಬೀದಿಯ ತಿರುವು ಮುಟ್ಟಿರಲಿಲ್ಲ, ನಲವತ್ತೆಂಟು ವರ್ಷದ ಮುನಿರಾಜು ಇಸ್ತ್ರಿ ಅಂಗಿಯಲ್ಲಿ, ಬರಿಗಾಲಿನಲ್ಲಿ, ಸಿಂಗಾಪುರದವರೆಲ್ಲ ನೋಡುತ್ತಿರುವಂತೆಯೇ ಅದರ ಹಿಂದೆ ಓಡಿದ. ಮುನೇಶ್ ಬ್ರೇಕು ಹಾಕಿದ.

"ಏನೋ?" ಎಂದಳು ಕಲಾವತಿ.

"ಏನಿಲ್ಲ ಅಕ್ಕ," ಮುನಿರಾಜು ಏದುಸಿರು ಬಿಡುತ್ತಿದ್ದ. "ಇವತ್ತಿಂದಲೇ ಶುರು ಮಾಡ್ಬಹುದಾ ಅಂತ ಕೇಳೋಣ ಅಂತ."

ಕಲಾವತಿ ಹಿಂದಿನ ಬಾಗಿಲು ತೆಗೆದು, ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದಳು.

"ಹತ್ತು. ಮಂಡಿ ಜೋಪಾನ."